ಬಾರದವರ ಕೈಯಲ್ಲಿ ಬೀಗದ ಕೈ

'ಕೋರಂ' ಎಂಬ ಮಾತು ಕನ್ನಡಕ್ಕೆ ಬಂದು ಸೇರಿ ಎಷ್ಟೋ ಕಾಲವಾಯಿತು. ಸಹಕಾರ ಸಂಘದ ವಾರ್ಷಿಕ ಸಭೆಯಿರಲಿ, ಪುರಸಭೆಯಿರಲಿ, ವಿಧಾನಸಭೆಯೇ ಇರಲಿ, ಕೋರಂ ಇದೆಯೋ ಇಲ್ಲವೋ ಎಂಬ ವಿಚಾರಣೆ ಎಲ್ಲ ಕಡೆಯೂ ನಡೆಯುತ್ತದೆ. 'ಕೋರಂ ಇಲ್ಲದೆ ಸಭೆ ಮುಂದಕ್ಕೆ' ಎಂಬ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಮಳೆ ಬೆಳೆಯ ಸುದ್ದಿಯಷ್ಟೇ ಸಾಮಾನ್ಯ. ಅಲ್ಲೆಲ್ಲ ಕೋರಂ ಎಂದರೆ ತಲೆ ಎಣಿಕೆ. ಇಷ್ಟು ಜನ ಬಂದರೆ ಸಭೆ ಉಂಟು, ಬಾರದಿದ್ದರೆ ಇಲ್ಲ.

ನಮ್ಮ ಸಂವಿಧಾನವೂ ಹಾಗೆಯೇ ಎಣಿಸುತ್ತದೆ. ಸಂಸತ್ತಿನ ಪ್ರತಿ ಸದನದ ಕೋರಂ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಎಂದು 100ನೇ ವಿಧಿ ಹೇಳುತ್ತದೆ. 543 ಸ್ಥಾನಗಳ ಲೋಕಸಭೆಗೆ 55 ಮಂದಿ ಸಾಕು. ರಾಜ್ಯಗಳ ಶಾಸಕಾಂಗಕ್ಕೆ 189ನೇ ವಿಧಿ. ಅದರ ಪ್ರಕಾರ 10 ಮಂದಿ ಅಥವಾ ಹತ್ತನೇ ಒಂದು ಭಾಗ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. 224 ಸದಸ್ಯರ ಕರ್ನಾಟಕ ವಿಧಾನಸಭೆಗೆ 23 ಜನ ಇದ್ದರಾಯಿತು. ಆ 23 ಮಂದಿ ಒಂದೇ ಪಕ್ಷದವರಾಗಿರಬಹುದು, ಒಂದೇ ಸೀಮೆಯವರಾಗಿರಬಹುದು, ಎಲ್ಲರೂ ಗಂಡಸರೇ ಆಗಿರಬಹುದು. ಕೋರಂಗೆ ಅದರಿಂದ ಬಾಧಕವಿಲ್ಲ. ಗಂಟೆ ಬಾರಿಸಿದಾಗ ಒಳಗೆ ಬಂದು ಕೂತವರೆಲ್ಲ ಅದಕ್ಕೆ ಸಮಾನರು.

ಆದರೆ ಇನ್ನೊಂದು ಬಗೆಯ ಕೋರಂ ಇದೆ. ಅದು ಎಷ್ಟು ಜನ ಬಂದರು ಎಂದು ಕೇಳಿ ಸುಮ್ಮನಾಗುವುದಿಲ್ಲ, ಯಾರು ಯಾರು ಬಂದರು ಎಂದೂ ಕೇಳುತ್ತದೆ. ಹೆಂಗಸರು ಎಷ್ಟು? ಕೂಲಿಯವರ ಕಡೆಯಿಂದ ಯಾರಾದರೂ ಇದ್ದಾರೆಯೇ? ಈ ಜನಾಂಗದವರು ಮೂವರಾದರೂ ಕೂತಿದ್ದಾರೆಯೇ? ಇದು ನಮ್ಮ ಕಾಲದ ಹೊಸ ಕಲ್ಪನೆ, ಮೀಸಲಾತಿಯ ಚರ್ಚೆಯಿಂದ ಹುಟ್ಟಿದ ತಮ್ಮ ಎಂದು ಹಲವರು ತಿಳಿದಿದ್ದಾರೆ. ಆ ಪದದ ಚರಿತ್ರೆ ನೋಡಿದರೆ ವಿಷಯ ತಿರುವುಮುರುವಾಗಿದೆ. ಜನರ ಸಂಖ್ಯೆ ಕೇಳುವ ಕೋರಂ ಹೊಸದು. 'ಯಾರು' ಎಂದು ಕೇಳುವ ಕೋರಂ ಹಳೆಯದು.

ಲ್ಯಾಟಿನ್ ಭಾಷೆಯಲ್ಲಿ 'ಕ್ವೋರಂ' ಎಂದರೆ 'ಯಾರ ಪೈಕಿ' ಎಂದಷ್ಟೇ ಅರ್ಥ. ಅದೊಂದು ಸಂಖ್ಯಾವಾಚಕವಲ್ಲ, ಸರ್ವನಾಮ. ಇಂಗ್ಲೆಂಡಿನ ರಾಜರು ಪ್ರತಿ ಕೌಂಟಿಯಲ್ಲಿ ಶಾಂತಿಪಾಲನೆಯ ನ್ಯಾಯಾಧಿಕಾರಿಗಳನ್ನು ನೇಮಿಸುತ್ತಿದ್ದರು. 1361ರ ಕಾನೂನು ಒಬ್ಬ ಪ್ರಭುವೂ ಮೂರು ನಾಲ್ಕು ಮಂದಿ ಗಣ್ಯರೂ ಅವರೊಂದಿಗೆ ಕಾನೂನು ಬಲ್ಲ ಕೆಲವರೂ ಇರಬೇಕೆಂದು ಹೇಳಿತ್ತು. ಗಣ್ಯರೆಂದರೆ ಊರಿನ ಜಮೀನುದಾರರು. ನಾಯಿ ಕುದುರೆಗಳ ಬಗ್ಗೆ ಗೊತ್ತಿದ್ದಷ್ಟು ಕಾನೂನಿನ ಬಗ್ಗೆ ಗೊತ್ತಿರದವರು. ಇವರೇ ಸೇರಿ ಒಬ್ಬನನ್ನು ಗಲ್ಲಿಗೆ ಕಳಿಸಿಬಿಟ್ಟರೆ? ಅದಕ್ಕಾಗಿ ನೇಮಕದ ಸನ್ನದಿನಲ್ಲಿ ಎಲ್ಲರ ಹೆಸರು ಬರೆದ ಮೇಲೆ, ಅವರಲ್ಲಿ ಕಾನೂನು ಬಲ್ಲ ಕೆಲವರ ಹೆಸರನ್ನು ಮತ್ತೊಮ್ಮೆ ಬರೆದು, ಇವರ ಪೈಕಿ ಒಬ್ಬರಾದರೂ ಇರತಕ್ಕದ್ದು ಎಂದು ಸೇರಿಸುತ್ತಿದ್ದರು. ಆ ವಾಕ್ಯ ಶುರುವಾಗುತ್ತಿದ್ದದ್ದೇ 'ಕ್ವೋರಂ' ಎಂಬ ಪದದಿಂದ. ಹತ್ತು ಜಮೀನುದಾರರು ಕೂತಿದ್ದರೂ ಆ ಪಟ್ಟಿಯ ಒಬ್ಬ ಇಲ್ಲದಿದ್ದರೆ ಘೋರ ಅಪರಾಧಗಳ ವಿಚಾರಣೆ ನಡೆಯುವಂತಿರಲಿಲ್ಲ.

ಆಮೇಲೆ ಆದದ್ದು ಎಲ್ಲ ಪಟ್ಟಿಗಳಿಗೂ ಆಗುವಂಥದ್ದೇ. ಆ ಪಟ್ಟಿಯಲ್ಲಿ ಹೆಸರಿರುವುದು ಮರ್ಯಾದೆಯ ವಿಷಯವಾಯಿತು. ಮರ್ಯಾದೆ ಎಂದ ಮೇಲೆ ಎಲ್ಲರಿಗೂ ಬೇಕಾಯಿತು. ಕಾಲಕ್ರಮದಲ್ಲಿ ಹೆಚ್ಚುಕಡಿಮೆ ಎಲ್ಲರ ಹೆಸರೂ ಎರಡೆರಡು ಸಲ ಬರೆಯಲ್ಪಟ್ಟು ಆ ವಾಕ್ಯ ಅರ್ಥ ಕಳೆದುಕೊಂಡಿತು. ಅತ್ತ 1641ರಲ್ಲಿ ಕಾಮನ್ಸ್ ಸಭೆ 40 ಜನ ಇಲ್ಲದೆ ಕಲಾಪ ನಡೆಸಬಾರದೆಂದು ಗೊತ್ತುಮಾಡಿಕೊಂಡಿತು. ಪದ ಉಳಿಯಿತು, ಅದರೊಳಗಿನ ಪ್ರಶ್ನೆ ಬದಲಾಯಿತು. ನಮಗೆ ಬಂದದ್ದು ಈ ಎರಡನೆಯ ಕೋರಂ.

ಇಂಗ್ಲಿಷರು ಬರುವ ಮೊದಲು ಇಲ್ಲಿ ಇಂಥ ವಿಚಾರವೇ ಇರಲಿಲ್ಲವೆಂದಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಬೌದ್ಧ ಸಂಘಗಳು ಸಂಸದೀಯ ಕ್ರಮವನ್ನು ಬಲ್ಲವಾಗಿದ್ದವು ಎಂದು ತೋರಿಸಲು ಕೊಟ್ಟ ಪಟ್ಟಿಯಲ್ಲಿ ಕೋರಂ ಕೂಡ ಇದೆ. ವಿನಯಪಿಟಕದ ಮಹಾವಗ್ಗದಲ್ಲಿ ಈ ಲೆಕ್ಕ ಬಹಳ ಖಚಿತವಾಗಿದೆ. ನಾಲ್ವರು ಭಿಕ್ಷುಗಳು ಸೇರಿದರೆ ಇಂತಿಂಥ ಕಾರ್ಯ, ಐವರು ಸೇರಿದರೆ ಇಂಥದ್ದು, ಹತ್ತು ಮಂದಿಯಾದರೆ ಹೊಸಬರಿಗೆ ಪೂರ್ಣ ದೀಕ್ಷೆ, ಇಪ್ಪತ್ತಾದರೆ ಎಲ್ಲ ಕಾರ್ಯಗಳೂ. ಅವಂತಿಯಂಥ ದೂರದ ನಾಡಿನಲ್ಲಿ ಭಿಕ್ಷುಗಳೇ ವಿರಳ. ಸೋಣ ಕುಟಿಕಣ್ಣ ಎಂಬಾತನಿಗೆ ದೀಕ್ಷೆ ಕೊಡಲು ಹತ್ತು ಮಂದಿಯನ್ನು ಕೂಡಿಸುವುದರಲ್ಲಿ ಮೂರು ವರ್ಷ ಕಳೆಯಿತು. ಆಮೇಲೆ ಆತ ಬುದ್ಧನ ಬಳಿಗೆ ಹೋಗಿ ಈ ಕಷ್ಟವನ್ನು ಅರಿಕೆ ಮಾಡಿದಾಗ ನಿಯಮ ಸಡಿಲವಾಯಿತು: ಗಡಿನಾಡುಗಳಲ್ಲಿ ಐವರು ಸಾಕು, ಆದರೆ ಅವರಲ್ಲಿ ಒಬ್ಬ ವಿನಯವನ್ನು ಚೆನ್ನಾಗಿ ಬಲ್ಲವನಿರಬೇಕು. ಸಂಖ್ಯೆ ಇಳಿಸಿದ ಕಡೆ 'ಯಾರು' ಎಂಬ ಷರತ್ತು ಸೇರಿಕೊಂಡದ್ದನ್ನು ಗಮನಿಸಬೇಕು. ಇಂಗ್ಲೆಂಡಿನ ರಾಜರು ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸ ಬಹಳವಿಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಭಿಕ್ಖುಣಿಯರದು. ಹೆಣ್ಣಿಗೆ ಪೂರ್ಣ ದೀಕ್ಷೆ ಸಿಗಬೇಕಾದರೆ ಎರಡು ಸಂಘಗಳ ಮುಂದೆ ಆಗಬೇಕು: ಮೊದಲು ಭಿಕ್ಖುಣಿ ಸಂಘ, ಅನಂತರ ಭಿಕ್ಷು ಸಂಘ. ಎರಡು ವರ್ಗಗಳೂ ಹಾಜರಿರಲೇಬೇಕೆಂಬ ಕೋರಂ ಇದು. ಮೇಲ್ನೋಟಕ್ಕೆ ಇದರಲ್ಲಿ ಹೆಂಗಸರಿಗೊಂದು ಸ್ಥಾನವಿದೆ. ಅವರನ್ನು ಬಿಟ್ಟು ಗಂಡಸರೇ ತೀರ್ಮಾನಿಸುವಂತಿಲ್ಲ. ಆದರೆ ಒಂದು ದಿನ ಭಿಕ್ಖುಣಿಯರೇ ಇಲ್ಲವಾದರೆ?

ಶ್ರೀಲಂಕೆಯಲ್ಲಿ ಹಾಗೆಯೇ ಆಯಿತು. ಹನ್ನೊಂದನೆಯ ಶತಮಾನದ ಚೋಳರ ದಂಡಯಾತ್ರೆಗಳ ಕಾಲದಲ್ಲಿ ಅಲ್ಲಿನ ಸಂಘ ಚದುರಿಹೋಯಿತು. ಚೋಳರನ್ನು ಹೊರಗಟ್ಟಿದ ಒಂದನೆಯ ವಿಜಯಬಾಹು ದೀಕ್ಷೆಯ ಕಾರ್ಯ ನಡೆಸಬೇಕೆಂದರೆ ದ್ವೀಪದಲ್ಲಿ ಬೇಕಾದಷ್ಟು ಭಿಕ್ಷುಗಳೇ ಸಿಗಲಿಲ್ಲ. ಆತ ಬರ್ಮಾದಿಂದ ಭಿಕ್ಷುಗಳನ್ನು ಕರೆಸಿಕೊಂಡ, ಕೋರಂ ತುಂಬಿತು, ಭಿಕ್ಷು ಪರಂಪರೆ ಮತ್ತೆ ಚಿಗುರಿತು. ಭಿಕ್ಖುಣಿಯರ ಪರಂಪರೆ ಚಿಗುರಲಿಲ್ಲ. ದೀಕ್ಷೆ ಕೊಡಲು ಭಿಕ್ಖುಣಿಯರು ಬೇಕು. ಭಿಕ್ಖುಣಿಯರು ಆಗಬೇಕಾದರೆ ದೀಕ್ಷೆ ಬೇಕು. ಈ ಸುಳಿಯೊಳಗೆ ಒಂಬತ್ತು ಶತಮಾನಗಳು ಹೋದವು. ಹತ್ತು ಶೀಲಗಳನ್ನು ಪಾಲಿಸುತ್ತ ಬದುಕಿದ ಸಾಧ್ವಿಯರು ಇದ್ದರು, ಆದರೆ ಸಂಘದಲ್ಲಿ ಅವರಿಗೆ ಸ್ಥಾನವಿರಲಿಲ್ಲ.

ಇದರಲ್ಲೊಂದು ಸ್ವಾರಸ್ಯವಿದೆ. ಲಂಕೆಯಲ್ಲಿ ದೀಪ ಆರುವುದಕ್ಕೆ ಆರು ಶತಮಾನ ಮೊದಲೇ ಅದರ ಕುಡಿಯೊಂದು ಚೀನಾಕ್ಕೆ ಹೋಗಿತ್ತು. 429ರ ಸುಮಾರಿಗೆ ಲಂಕೆಯ ಭಿಕ್ಖುಣಿಯರ ತಂಡವೊಂದು ಹಡಗಿನಲ್ಲಿ ದಕ್ಷಿಣ ಚೀನಾ ಮುಟ್ಟಿತು. ಅವರ ಸಂಖ್ಯೆ ಹತ್ತಕ್ಕೆ ಸಾಲಲಿಲ್ಲ. ನಂದಿ ಎಂಬ ಹಡಗಿನ ಒಡೆಯ 433ರಲ್ಲಿ ಇನ್ನಷ್ಟು ಮಂದಿಯನ್ನು ಕರೆತಂದ ಮೇಲೆ ಕೋರಂ ಪೂರ್ತಿಯಾಗಿ, ಈಗಿನ ನಾನ್‌ಜಿಂಗ್ ನಗರದಲ್ಲಿ 300ಕ್ಕೂ ಹೆಚ್ಚು ಚೀನೀ ಹೆಂಗಸರು ದೀಕ್ಷೆ ಪಡೆದರು. ಆ ಪರಂಪರೆ ಚೀನಾ, ಕೊರಿಯಾ, ತೈವಾನುಗಳಲ್ಲಿ ಉಳಿದುಕೊಂಡಿತು. 1996ರಲ್ಲಿ ಸಾರನಾಥದಲ್ಲಿ, 1998ರಲ್ಲಿ ಬೋಧಗಯೆಯಲ್ಲಿ ಲಂಕೆಯ ಸಾಧ್ವಿಯರಿಗೆ ಮತ್ತೆ ಪೂರ್ಣ ದೀಕ್ಷೆಯಾದಾಗ ಹೆಣ್ಣುಮಕ್ಕಳ ಕಡೆಯ ಕೋರಂ ತುಂಬಿದವರು ಈ ಪೂರ್ವದೇಶಗಳ ಭಿಕ್ಷುಣಿಯರೇ. ತವರಿನ ಸಾಲ ಸಾವಿರದೈನೂರು ವರ್ಷಕ್ಕೆ ತೀರಿದಂತಾಯಿತು. ಆದರೆ ಅವರು ಬೇರೆ ಪಂಥದವರು, ಅವರ ಹಾಜರಿ ಕೋರಂಗೆ ಲೆಕ್ಕವಿಲ್ಲ ಎಂದು ವಾದಿಸುವ ಥೇರವಾದಿ ಹಿರಿಯರು ಈಗಲೂ ಇದ್ದಾರೆ. ನಮ್ಮ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ ಸನ್ಯಾಸಿನಿಯರ ಪರಂಪರೆಯಲ್ಲೂ ತೊಡಕು ಇದೇ. ಬೇಕಾದಷ್ಟು ಭಿಕ್ಷುಣಿಯರು ಹಿಂದೆ ಹಿಮಾಲಯ ದಾಟಿ ಹೋಗಲೇ ಇಲ್ಲವಾದ್ದರಿಂದ ಟಿಬೆಟಿನಲ್ಲಿ ಆ ಸಂಘ ನೆಲೆಗೊಳ್ಳಲಿಲ್ಲ ಎನ್ನುತ್ತಾರೆ.

ಒಂದು ವರ್ಗದ ಹಾಜರಿ ಕಡ್ಡಾಯ ಎಂದು ಬರೆದವರು ಆ ವರ್ಗ ಇಲ್ಲವಾದಾಗ ಏನು ಮಾಡಬೇಕೆಂದು ಬರೆಯದಿದ್ದರೆ ಹೀಗಾಗುತ್ತದೆ. ಗೌರವಕ್ಕೆಂದು ಇಟ್ಟ ಷರತ್ತು ಅದೇ ವರ್ಗದ ಕೊರಳಿಗೆ ಉರುಳಾಗುತ್ತದೆ. ಇಂಥ ನಿಯಮಗಳನ್ನು ಓದುವಾಗ ಕೋರಂನ ವಾಕ್ಯಕ್ಕಿಂತ ಅದರ ಮುಂದಿನ ವಾಕ್ಯವನ್ನು ಹೆಚ್ಚು ಎಚ್ಚರದಿಂದ ಓದಬೇಕು. ಕೋರಂ ಆಗದಿದ್ದರೆ ಮುಂದೇನು? ನಷ್ಟ ಯಾರಿಗೆ?

ಬೋಸ್ನಿಯಾ-ಹರ್ಜಗೊವಿನಾ ದೇಶದ ಸಂವಿಧಾನ ಈ ಪ್ರಶ್ನೆಗೆ ಕೊಟ್ಟ ಉತ್ತರ ಬೇರೆ. 1992ರಿಂದ 1995ರವರೆಗೆ ಅಲ್ಲಿ ಬೋಸ್ನಿಯಾಕ್, ಸರ್ಬ್, ಕ್ರೊಯೇಟ್ ಜನಾಂಗಗಳ ನಡುವೆ ಭೀಕರ ಯುದ್ಧ ನಡೆಯಿತು. ಡೇಟನ್ ಒಪ್ಪಂದದಿಂದ ಅದು ನಿಂತಾಗ ಒಪ್ಪಂದದ ಒಂದು ಅನುಬಂಧವೇ ದೇಶದ ಸಂವಿಧಾನವಾಯಿತು. ಮೇಲ್ಮನೆಯಲ್ಲಿ 15 ಮಂದಿ. ಒಂದೊಂದು ಜನಾಂಗಕ್ಕೆ ಐದೈದು. ಕೋರಂ 9, ಆದರೆ ಯಾರಾದರೂ ಒಂಬತ್ತು ಮಂದಿ ಸಾಲದು, ಮೂರೂ ಜನಾಂಗದಿಂದ ಕನಿಷ್ಠ ಮೂವರು ಮೂವರು ಇರಬೇಕು. ಯಾವ ಮಸೂದೆಗೂ ಎರಡೂ ಮನೆಗಳ ಒಪ್ಪಿಗೆ ಬೇಕು. ಲೆಕ್ಕ ಹಾಕಿ ನೋಡಿ. ಒಂದು ಜನಾಂಗದ ಐವರಲ್ಲಿ ಮೂವರು ಹೊರಗೆ ಕಾಫಿ ಕುಡಿಯುತ್ತ ಕೂತರೆ ಉಳಿದ 12 ಮಂದಿ ಒಳಗಿದ್ದರೂ ಮೇಲ್ಮನೆ ಇಲ್ಲ. ಮೇಲ್ಮನೆ ಇಲ್ಲವೆಂದರೆ ದೇಶಕ್ಕೆ ಹೊಸ ಕಾನೂನಿಲ್ಲ.

ಇದನ್ನು ಮೂರ್ಖತನವೆಂದು ನಗುವುದು ಸುಲಭ. ಹೆಣಗಳ ರಾಶಿ ಕಂಡುಬಂದವರಿಗೆ, ನಮ್ಮನ್ನು ಬಿಟ್ಟು ಉಳಿದವರು ಏನನ್ನೂ ತೀರ್ಮಾನಿಸಲಾರರು ಎಂಬ ಭರವಸೆ ಇಲ್ಲದೆ ಒಂದೇ ಮನೆಯಲ್ಲಿ ಕೂರಲು ಧೈರ್ಯ ಎಲ್ಲಿಂದ ಬರಬೇಕು? ಆ ಭರವಸೆಗೆ ತೆತ್ತ ಬೆಲೆ ಮಾತ್ರ ದೊಡ್ಡದು. ಭಿಕ್ಖುಣಿಯರ ವಿಷಯದಲ್ಲಿ ಇಲ್ಲದವರೇ ಸೋತರು. ಇಲ್ಲಿ ಬಾರದವರು ಗೆಲ್ಲುತ್ತಾರೆ. ಬಾರದಿರುವುದೇ ಅವರ ಆಯುಧ. 2021ರಲ್ಲಿ ನರಮೇಧದ ನಿರಾಕರಣೆಯನ್ನು ಅಪರಾಧವೆಂದು ಸಾರಿದ ಕಾನೂನು ಹೇರಲ್ಪಟ್ಟಾಗ ಸರ್ಬ್ ಪ್ರತಿನಿಧಿಗಳು ತಿಂಗಳುಗಟ್ಟಲೆ ದೇಶದ ಸಂಸ್ಥೆಗಳಿಂದ ದೂರ ಉಳಿದರು.

ಇನ್ನೂ ಒಂದು ಬೆಲೆಯಿದೆ. ಜನರನ್ನು ಮೂರು ಪೆಟ್ಟಿಗೆಗಳಲ್ಲಿ ತುಂಬಿದರೆ ಯಾವ ಪೆಟ್ಟಿಗೆಗೂ ಸೇರದವರು ಎಲ್ಲಿಗೆ ಹೋಗಬೇಕು? ರೋಮಾ ಸಮುದಾಯದ ಡೆರ್ವೊ ಸೆಯ್ಡಿಚ್ ಮತ್ತು ಯೆಹೂದಿ ಸಮುದಾಯದ ಯಾಕೊಬ್ ಫಿಂಚಿ ತಮ್ಮ ದೇಶದ ಮೇಲ್ಮನೆಗೂ ಅಧ್ಯಕ್ಷ ಮಂಡಳಿಗೂ ಸ್ಪರ್ಧಿಸುವಂತಿರಲಿಲ್ಲ. ಇದು ತಾರತಮ್ಯವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ವರ್ಷಗಳು ಉರುಳಿದವು, ಸಂವಿಧಾನಕ್ಕೆ ತಿದ್ದುಪಡಿ ಆಗಲಿಲ್ಲ. ತಿದ್ದಬೇಕಾದರೂ ಆ ಮೂರು ಪೆಟ್ಟಿಗೆಗಳವರೇ ಕೂಡಬೇಕಲ್ಲ!

ಹಾಗಾದರೆ ಬಾರದವರನ್ನು ಬಲಿ ಕೊಡದ, ಅವರ ಕೈಗೆ ಕೊಡಲಿಯನ್ನೂ ಕೊಡದ ನಿಯಮ ಉಂಟೇ? ಒಂದು ಜಾಣ ಉಪಾಯ 1919ರಲ್ಲೇ ಹೊಳೆದಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮ್ಮೇಳನಕ್ಕೆ ಪ್ರತಿ ದೇಶ ನಾಲ್ವರು ಪ್ರತಿನಿಧಿಗಳನ್ನು ಕಳಿಸುತ್ತದೆ: ಸರ್ಕಾರದ ಇಬ್ಬರು, ಮಾಲೀಕರ ಪರ ಒಬ್ಬರು, ಕಾರ್ಮಿಕರ ಪರ ಒಬ್ಬರು. ಸರ್ಕಾರವೊಂದು ಖರ್ಚಿನ ನೆಪ ಹೇಳಿ ಕಾರ್ಮಿಕ ಪ್ರತಿನಿಧಿಯನ್ನು ನೇಮಿಸದೆ ಮಾಲೀಕರ ಪ್ರತಿನಿಧಿಯನ್ನು ಮಾತ್ರ ನೇಮಿಸಿದರೆ? ಸಂಘಟನೆಯ ಸಂವಿಧಾನದ ಪ್ರಕಾರ ಆ ಮಾಲೀಕ ಕೂರಬಹುದು, ಮಾತಾಡಬಹುದು, ಮತ ಹಾಕುವಂತಿಲ್ಲ. ಕಾರ್ಮಿಕನೊಬ್ಬನೇ ಬಂದರೆ ಅವನಿಗೂ ಅಷ್ಟೇ. ಸಮ್ಮೇಳನ ನಿಲ್ಲುವುದಿಲ್ಲ. ಆದರೆ ಎದುರಾಳಿಯನ್ನು ಬಿಟ್ಟುಬಂದದ್ದರ ನಷ್ಟ ಬಂದವನಿಗೆ ತಟ್ಟುತ್ತದೆ. ತನ್ನ ಮತ ಉಳಿಯಬೇಕಾದರೆ ಎದುರಾಳಿಯ ಟಿಕೇಟಿಗಾಗಿ ತಾನೇ ಓಡಾಡಬೇಕು. ಇಷ್ಟು ವಿವೇಕದ ವಾಕ್ಯ ಕಾನೂನುಗಳಲ್ಲಿ ಅಪರೂಪ.

ನಮ್ಮ ದೇಶದ ಕಾರ್ಮಿಕ ಕಾನೂನು ಇದೇ ಪಾಠ ಓದಿ ಅರ್ಧ ಮರೆಯಿತು. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಕೂಲಿಯ ದರ ಕುರಿತು ಸಲಹೆ ಕೊಡುವ ಸಮಿತಿಗಳಿದ್ದವು. ಮಾಲೀಕರೂ ಕೆಲಸಗಾರರೂ ಸಮಸಂಖ್ಯೆಯಲ್ಲಿ, ಅವರೊಂದಿಗೆ ಸ್ವತಂತ್ರ ವ್ಯಕ್ತಿಗಳು. ಬೀಡಿ ಕಟ್ಟುವವಳಿಗೆ ಸಾವಿರಕ್ಕೆ ಎಷ್ಟು, ಕಾಫಿ ತೋಟದ ಆಳಿಗೆ ದಿನಕ್ಕೆ ಎಷ್ಟು ಎಂಬ ಲೆಕ್ಕ ಇಂಥ ಮೇಜುಗಳ ಸುತ್ತಲೇ ಆಗುತ್ತಿದ್ದದ್ದು. 1950ರ ಕೇಂದ್ರ ನಿಯಮಗಳು ಕೋರಂ ಹೀಗೆ ಗೊತ್ತುಮಾಡಿದ್ದವು: ಸದಸ್ಯರ ಮೂರನೇ ಒಂದು ಭಾಗ ಹಾಜರಿರಬೇಕು, ಅವರಲ್ಲಿ ಮಾಲೀಕರ ಕಡೆಯ ಒಬ್ಬರು, ಕೆಲಸಗಾರರ ಕಡೆಯ ಒಬ್ಬರು ಇರಲೇಬೇಕು. ಇಲ್ಲಿಯವರೆಗೆ ಚೆನ್ನಾಗಿದೆ. ಮುಂದಿನ ವಾಕ್ಯ ಓದಬೇಕು. ಮೂರನೇ ಒಂದು ಭಾಗ ಸೇರದಿದ್ದರೆ ಅಧ್ಯಕ್ಷರು ಸಭೆಯನ್ನು ಏಳು ದಿನದೊಳಗಿನ ಒಂದು ದಿನಕ್ಕೆ ಮುಂದೂಡಬಹುದು. ಆ ಮುಂದೂಡಿದ ಸಭೆಯಲ್ಲಿ ಎಷ್ಟೇ ಮಂದಿ ಇದ್ದರೂ ಕೆಲಸ ಮುಗಿಸಬಹುದು.

ಬೀಗ ಹಾಕಿದ್ದೂ ಆಯಿತು, ಒಂದು ವಾರದಲ್ಲಿ ತಾನಾಗಿ ತೆರೆದುಕೊಳ್ಳುವ ಏರ್ಪಾಡೂ ಆಯಿತು. ಕೆಲಸಗಾರರ ಪ್ರತಿನಿಧಿ ದೂರದ ಊರಿನಿಂದ ದಿನದ ಕೂಲಿ ಬಿಟ್ಟು ಎರಡನೆಯ ಸಲವೂ ಬರಬೇಕು. ರಾಜಧಾನಿಯಲ್ಲೇ ಕಚೇರಿ ಇರುವ ಮಾಲೀಕರ ಸಂಘದವರಿಗೆ ಅದು ಮಧ್ಯಾಹ್ನದ ಒಂದು ತಾಸಿನ ಮಾತು. ನಿಯಮ ಇಬ್ಬರಿಗೂ ಒಂದೇ, ಬಸ್ಸಿನ ಚಾರ್ಜು ಮಾತ್ರ ಒಂದೇ ಅಲ್ಲ. ಕಂಪನಿಗಳ ಮಹಾಸಭೆಗೂ ಇಂಥದ್ದೇ ಸೌಕರ್ಯವಿದೆ: ಒಂದು ವಾರಕ್ಕೆ ಮುಂದೂಡಿದ ಸಭೆಗೆ ಬಂದ ಸದಸ್ಯರೇ ಕೋರಂ. ಷೇರುದಾರರ ವಿಷಯದಲ್ಲಿ ಅದು ಅನುಕೂಲ. ಎರಡು ಅಸಮಾನ ಪಕ್ಷಗಳು ಕೂರುವ ಕಡೆ ಅದು ಅನುಕೂಲವಾಗಿ ಉಳಿಯುವುದಿಲ್ಲ. ಹಳೆಯ ಕಾಯ್ದೆಯ ಜಾಗದಲ್ಲಿ ಈಗ 2019ರ ವೇತನ ಸಂಹಿತೆ ಬಂದಿದೆ. ಸಲಹಾ ಮಂಡಳಿಯಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕೆಂದು ಅದು ಹೇಳುತ್ತದೆ. ಮಂಡಳಿಯಲ್ಲಿ ಇರುವುದು ಬೇರೆ, ಆ ದಿನ ಸಭೆಯಲ್ಲಿ ಕೂತಿರುವುದು ಬೇರೆ ಎಂಬುದನ್ನು ಮರೆಯಬಾರದು.

ಸದಸ್ಯತ್ವಕ್ಕೂ ಹಾಜರಿಗೂ ಇರುವ ಈ ಅಂತರ ಅತ್ಯಂತ ಸ್ಪಷ್ಟವಾಗಿ ಕಾಣುವುದು ನಮ್ಮ ಹಳ್ಳಿಗಳಲ್ಲಿ. ಗ್ರಾಮಸಭೆಗೆ ಊರಿನ ಮತದಾರರೆಲ್ಲ ಸದಸ್ಯರೇ. ಅಲ್ಲಿ ಮೀಸಲಿಡಲು ಸ್ಥಾನಗಳಿಲ್ಲ. ಆದ್ದರಿಂದ ಪ್ರಾತಿನಿಧ್ಯದ ಭಾರವೆಲ್ಲ ಕೋರಂ ಮೇಲೆಯೇ ಬೀಳುತ್ತದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ತಿದ್ದುಪಡಿಗಳ ನಂತರ ಹೇಳುವುದು ಇದು: ಗ್ರಾಮಸಭೆಯ ಕೋರಂ ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅದು, ಬಂದವರಲ್ಲಿ ಶೇಕಡಾ 30ರಷ್ಟಾದರೂ ಹೆಂಗಸರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಅವರ ಜನಸಂಖ್ಯೆಯ ಪ್ರಮಾಣದಲ್ಲಿ.

ಶೇಕಡಾ ಲೆಕ್ಕಕ್ಕೆ ತನ್ನದೇ ಒಂದು ತಮಾಷೆಯಿದೆ. 70 ಗಂಡಸರು, 30 ಹೆಂಗಸರು ಕೂತಿದ್ದಾರೆ, ಕೋರಂ ಸರಿ. ಆಶ್ರಯ ಮನೆಯ ಪಟ್ಟಿ ಓದುತ್ತಾರೆಂದು ಸುದ್ದಿ ಹಬ್ಬಿ ಅರಳಿಕಟ್ಟೆಯಿಂದ ಇನ್ನೂ ಹತ್ತು ಗಂಡಸರು ಎದ್ದು ಬಂದರು. ಈಗ 110ರಲ್ಲಿ 30, ಅಂದರೆ ಶೇಕಡಾ 27. ಜನ ಹೆಚ್ಚಾಗಿ ಕೋರಂ ಮುರಿಯಿತು! ತಲೆ ಎಣಿಸುವ ಕೋರಂನಲ್ಲಿ ಇದು ಎಂದೂ ಆಗದು. ಬರೀ ಗಣಿತದ ಚಮತ್ಕಾರ ಎನಿಸಿದರೂ ಇದರಲ್ಲಿ ಅರ್ಥವಿದೆ: ಗಂಡಸರು ಹೆಚ್ಚು ಬರಬೇಕಾದರೆ ಮನೆಯವರನ್ನೂ ಕರೆದುಕೊಂಡೇ ಬರಬೇಕು.

ಬರುವುದಕ್ಕೆ ತೊಡಕುಗಳು ಎಲ್ಲರಿಗೂ ಗೊತ್ತಿರುವವೇ. ಸಭೆ ಹನ್ನೊಂದು ಗಂಟೆಗೆ ಎಂದು ಡಂಗುರ. ಆ ಹೊತ್ತಿಗೆ ಹೆಂಗಸರು ಕಳೆ ಕೀಳುತ್ತಿರುತ್ತಾರೆ, ಇಲ್ಲವೇ ನಾಟಿಯಲ್ಲಿರುತ್ತಾರೆ. ಸಭೆ ಮುಗಿಯುವ ಹೊತ್ತಿಗೆ ಅಂದಿನ ಕೂಲಿ ಹೋಗಿರುತ್ತದೆ. ಸಭೆ ಸೇರುವುದು ದೇವಸ್ಥಾನದ ಆವರಣದಲ್ಲಾದರೆ ಕೇರಿಯವರು ಒಳಗೆ ಬಂದು ಕೂರುವರೇ, ಹೊರಗೇ ನಿಲ್ಲುವರೇ ಎಂಬುದು ಬೇರೆ ಮಾತು. ಬಂದ ಮೇಲೂ ಬಾಯಿ ಬಿಡುವುದು ಸುಲಭವಲ್ಲ; ಮಾವ, ಭಾವ, ಜಮೀನಿನ ಒಡೆಯ ಎಲ್ಲರೂ ಎದುರಿಗೇ ಕೂತಿರುತ್ತಾರೆ. ಇದನ್ನು ಅರಿತೇ ಮಹಾರಾಷ್ಟ್ರ ಗ್ರಾಮಸಭೆಗೆ ಮೊದಲು ಹೆಂಗಸರದೇ ಒಂದು ಸಭೆ ಆಗಬೇಕೆಂದು ಕಾನೂನು ಮಾಡಿತು. ಕರ್ನಾಟಕದಲ್ಲೂ ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ.

ಇಷ್ಟೆಲ್ಲ ಕಷ್ಟಪಡುವ ಬದಲು ಒಂದು ಸುಲಭದ ದಾರಿಯೂ ಇದೆ. ಜನ ಸಭೆಗೆ ಬಾರದಿದ್ದರೆ ಹಾಜರಿ ಪುಸ್ತಕವೇ ಜನರ ಬಳಿಗೆ ಹೋಗುತ್ತದೆ. ಸ್ವಸಹಾಯ ಸಂಘದ ಸಭೆಯಲ್ಲಿ, ಪಡಿತರ ಅಂಗಡಿಯ ಮುಂದಿನ ಸಾಲಿನಲ್ಲಿ ಹೆಬ್ಬೆಟ್ಟೋ ಸಹಿಯೋ ಬೀಳುತ್ತದೆ. ಕಾಗದದ ಮೇಲೆ ಶೇಕಡಾ 30 ತುಂಬುತ್ತದೆ. ಗ್ರಾಮಸಭೆಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಇದು ಬಹಳ ಹಳೆಯದು. ಕೋರಂ ಇಲ್ಲದೆ ಸಭೆ ನಿಂತಿತೆಂಬ ಸುದ್ದಿಗೆ ಜನ ಬೇಸರಪಡುತ್ತಾರೆ. ವಾಸ್ತವವಾಗಿ ಅದು ಒಳ್ಳೆಯ ಸುದ್ದಿ. ಅಲ್ಲಿ ಯಾರೋ ಒಬ್ಬರು ಪುಸ್ತಕ ನೋಡದೆ ತಲೆಗಳನ್ನು ನೋಡಿದ್ದಾರೆ ಎಂದು ಅರ್ಥ.

ಈ ನಿಯಮಕ್ಕೆ ಹೆಚ್ಚಿನ ತೂಕ ಬಂದದ್ದು ಕಾಡಿನ ಅಂಚಿನಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆ ಹಕ್ಕಿನ ಅರ್ಜಿಗಳ ಮೊದಲ ತೀರ್ಮಾನವನ್ನು ಗ್ರಾಮಸಭೆಯ ಕೈಗೆ ಕೊಟ್ಟಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ರಕ್ಷಿತಾರಣ್ಯದೊಳಗೆ ಸಮುದಾಯ ಹಕ್ಕು ಪಡೆದದ್ದು ಈ ಕಾಯ್ದೆಯಡಿಯಲ್ಲೇ. 2008ರ ನಿಯಮಗಳಲ್ಲಿ ಕೋರಂ ಮೂರನೇ ಎರಡು ಭಾಗ ಎಂದಿತ್ತು. ಅಷ್ಟು ಜನರನ್ನು ಕೂಡಿಸುವುದು ದುಸ್ತರವಾಗಿ 2012ರ ಸೆಪ್ಟೆಂಬರಿನಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರು. ಇಳಿಸುವಾಗ ಎರಡು ಷರತ್ತು ಸೇರಿಸಿದರು: ಹಾಜರಿರುವವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು, ಹಕ್ಕಿನ ಅರ್ಜಿಗಳ ತೀರ್ಮಾನವಾದರೆ ಅರ್ಜಿದಾರರಲ್ಲಿ ಅರ್ಧದಷ್ಟಾದರೂ ಮಂದಿ, ಅಥವಾ ಅವರ ಪ್ರತಿನಿಧಿಗಳು, ಎದುರಿಗಿರಬೇಕು. ಅವಂತಿಯ ಕಥೆಯೇ ಮತ್ತೆ ನಡೆದಂತೆ: ಸಂಖ್ಯೆ ತಗ್ಗಿತು, 'ಯಾರು' ಎಂಬ ಪ್ರಶ್ನೆ ಬಂತು. ಮುಂದೂಡಿದ ಸಭೆಗೆ ಎಷ್ಟೇ ಮಂದಿ ಬಂದರೂ ಸಾಕು ಎಂಬ ರಿಯಾಯಿತಿಯನ್ನು ಇಲ್ಲಿ ಸೇರಿಸಲಿಲ್ಲ.

ಇದಾದ ಕೆಲವೇ ತಿಂಗಳಿಗೆ ಈ ಕೋರಂ ದೊಡ್ಡ ಪರೀಕ್ಷೆಗೆ ನಿಂತಿತು. ಒಡಿಶಾದ ನಿಯಮಗಿರಿ ಬೆಟ್ಟ ಡೋಂಗ್ರಿಯಾ ಕೊಂಧ ಜನರ ದೇವರ ಬೆಟ್ಟ. ಅದರ ನೆತ್ತಿಯಲ್ಲಿ ಬಾಕ್ಸೈಟ್ ಅದಿರು. ಗಣಿಗಾರಿಕೆಯ ಪ್ರಸ್ತಾಪವನ್ನು ಗ್ರಾಮಸಭೆಗಳ ಮುಂದಿಟ್ಟು ಅವುಗಳ ಮಾತು ಕೇಳಬೇಕೆಂದು 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಆದೇಶಿಸಿತು. ಬೆಟ್ಟದ ಸುತ್ತ ನೂರಕ್ಕೂ ಮಿಕ್ಕಿ ಹಾಡಿಗಳಿದ್ದರೂ ರಾಜ್ಯ ಸರ್ಕಾರ ಆರಿಸಿದ್ದು 12 ಹಳ್ಳಿಗಳನ್ನು. ಜುಲೈ 18ರಿಂದ ಆಗಸ್ಟ್ 19ರವರೆಗೆ, ಮಳೆಗಾಲದ ನಡುವೆ, ನ್ಯಾಯಾಧೀಶರ ಸಮಕ್ಷಮದಲ್ಲಿ ಒಂದೊಂದಾಗಿ ಸಭೆಗಳು ನಡೆದವು. ಹನ್ನೆರಡಕ್ಕೆ ಹನ್ನೆರಡೂ ಹಳ್ಳಿಗಳು ಗಣಿ ಬೇಡವೆಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಯೋಜನೆಯನ್ನು ತಿರಸ್ಕರಿಸಿತು.

ಎರಡು ವರ್ಷ ಕಳೆದ ಮೇಲೆ ಒಡಿಶಾ ಗಣಿ ನಿಗಮ ಮತ್ತೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅದರ ಕೋರಿಕೆ ಇನ್ನೊಂದು ಸಭೆ: ಗ್ರಾಮಸಭೆಗಳನ್ನು ಹೊಸದಾಗಿ ಕರೆಯಲು ಅವಕಾಶ ಕೊಡಬೇಕು ಎಂದು. 2016ರ ಮೇ ತಿಂಗಳಲ್ಲಿ ನ್ಯಾಯಾಲಯ ಆ ಕೋರಿಕೆಯನ್ನು ತಳ್ಳಿಹಾಕಿತು.